ಒಂದು ಮೈಲು, ಒಂದು ಫರ್ಲಾಂಗು

೧೦ ಜನವರಿ ೧೯೮೩, ಸೋಮವಾರ. ಹಾನಗಲ್ಲು

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಇಕ್ಕಟ್ಟಾಗಿ ಕುಳಿತಿರುವ ಗಣ್ಯರೇ, ಕುರ್ಚಿ ಸಿಗದೆ ನಿಂತಿರುವ ಮಹಾಜನಗಳೇ, ಹಾಗೂ ಕಿಟಕಿಯಿಂದ ಇಣುಕುತ್ತಿರುವ ನನ್ನ ಹಿತಶತ್ರುಗಳೇ!

ಈ ಮಹಾಸಭೆಯ ಮುಂದೆ ಒಂದು ಠರಾವು ಮಂಡಿಸಲು ನನಗೆ ಅತೀವ ಸಂಕೋಚವಾಗುತ್ತಿದೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದವನೂ, ತಾಲೂಕು ಕಚೇರಿಯ ಹೆಡ್ ಕ್ಲಾರ್ಕನೂ, ನಲವತ್ತಾರು ವರ್ಷದ ವಿಧುರನೂ, ತೊಂಬತ್ತೊಂದು ಕಿಲೋ ತೂಕದವನೂ ಆದ ಕರಬಸಪ್ಪನೆಂಬ ನಾನು ನಾಡಿದ್ದು ಬುಧವಾರದಿಂದ ದಿನಾಲು ಬೆಳಗ್ಗೆ ಓಡತಕ್ಕದ್ದು. ಸೂಚಿಸಿದವರು ಡಾಕ್ಟರ್ ಸುಮನ್. ಅನುಮೋದಿಸಿದ್ದು ನನ್ನ ಅಂಗಿಯ ನಾಲ್ಕನೆಯ ಗುಂಡಿ. ಅದು ಅವರ ಮೇಜಿನ ಮುಂದೆಯೇ ಹಾರಿ ಬಿತ್ತು.

ಡಾಕ್ಟರಮ್ಮನ ದವಾಖಾನೆ ನಮ್ಮ ಮನೆಯಿಂದ ಎರಡೇ ಓಣಿ. ಅಷ್ಟು ದೂರ ನಡೆದದ್ದಕ್ಕೇ ನಾನು ಏದುತ್ತಿದ್ದೆ.

"ದಿನಾ ಏನ್ ಮಾಡ್ತೀರಿ, ಆಫೀಸ್ ಬಿಟ್ಟ ಮ್ಯಾಲೆ?"

"ಓದ್ತೇನ್ರಿ."

"ಮತ್ತ?"

"ಮತ್ತೂ ಓದ್ತೇನ್ರಿ."

ಅವರು ರಕ್ತದೊತ್ತಡದ ಪಟ್ಟಿ ಬಿಚ್ಚಿ, "ಹಿಂಗ ಕೂತು ಓದಿದ್ರ ಒಂದಿನ ಪುಸ್ತಕದ ಮ್ಯಾಲೇ ಮಲಗಿಬಿಡ್ತೀರಿ. ಹದಿನೈದು ಕಿಲೋ ಇಳಿಸ್ರಿ. ಮುಂಜಾನೆದ್ದು ನಡೀರಿ" ಎಂದರು. ಅವರು ನಡೀರಿ ಅಂದರು. ನಾನು ಓಡುವುದೆಂದು ಬರೆದುಕೊಂಡೆ. ಮೇಲಿನವರ ಮಾತನ್ನು ಗುಮಾಸ್ತರು ಸ್ವಲ್ಪ ತಿದ್ದಿಯೇ ಬರೆಯುವುದು.

ಓದನ್ನು ಬಿಡುವ ಪ್ರಶ್ನೆಯೇ ಇಲ್ಲ. ಓಟಕ್ಕೂ ಓದಿಗೂ ನಾನೇ ಪಂಚನಾಗಿ ಒಪ್ಪಂದ ಮಾಡಿಸಿದ್ದೇನೆ: ಫರ್ಲಾಂಗಿಗೆ ಹತ್ತು ಪುಟ. ಬೆಳಗ್ಗೆ ಎಷ್ಟು ಓಡಿದೆನೋ ಸಂಜೆ ಅಷ್ಟೇ ಓದು.

ಓದಿದರೆ ಬೆಳೆಯುವಿರಿ ಎಂದಿದ್ದರು ಗುರುಗಳು;
ಎಲ್ಲಿ ಎಂದು ಹೇಳಿದ್ದರೆ ಉಳಿಯುತ್ತಿದ್ದವು ಗುಂಡಿಗಳು.

(ಚಪ್ಪಾಳೆ.)

೧೨ ಜನವರಿ, ಬುಧವಾರ

ಹಾದಿ ಗೊತ್ತುಮಾಡಿದೆ. ಮನೆಯ ಹೊಸ್ತಿಲಿನಿಂದ ಅಕ್ಕಿಆಲೂರು ರಸ್ತೆಯ ಅಕ್ಕಿ ಗಿರಣಿಯ ಕಡೆಗೆ. ನಿನ್ನೆ ಸಂಜೆ ಸೈಕಲ್ಲಿನ ಗಾಲಿಗೆ ಚಿಂದಿ ಕಟ್ಟಿ, ಸುತ್ತು ಎಣಿಸುತ್ತ ತಳ್ಳಿಕೊಂಡು ಹೋಗಿ ಅಳೆದೆ. ಗಿರಣಿಯ ಗೇಟಿಗೆ ನಿಂತರೆ ಮೂವತ್ತು ಗಜ ಕಮ್ಮಿ ಬೀಳುತ್ತದೆ. ಆದ್ದರಿಂದ ಗೇಟು ದಾಟಿ ಹುಣಸೆಮರ ಮುಟ್ಟತಕ್ಕದ್ದು. ಅಲ್ಲಿಗೆ ಸರಿಯಾಗಿ ಒಂದು ಮೈಲು, ಒಂದು ಫರ್ಲಾಂಗು. ಯಾಕೆ ಅಷ್ಟೇ ಎಂದು ಯಾರಾದರೂ ಕೇಳಿದರೆ, ಒಟ್ಟು ಒಂಬತ್ತು ಫರ್ಲಾಂಗು, ಒಂಬತ್ತು ಒಳ್ಳೆಯ ಸಂಖ್ಯೆ ಎನ್ನುವುದು.

ಆದರೆ ಜನ ಕೇಳಿದ್ದು ಬೇರೆಯೇ. ನಮ್ಮ ಕಡೆ ನಲವತ್ತು ದಾಟಿದವನು ಓಡಿದರೆ ಅದಕ್ಕೆ ಒಂದೇ ಅರ್ಥ. ಹಾಲು ಮಾರುವ ಶಾರವ್ವ ಗಡಿಗೆ ಇಳಿಸಿ, "ಯಾರಿಗೇನಾತ್ರೀ ಸಾಹೇಬ್ರ?" ಎಂದು ಕೂಗಿದಳು. ಒಬ್ಬ ಚಕ್ಕಡಿ ನಿಲ್ಲಿಸಿ, "ಹತ್ರೀ, ದವಾಖಾನಿಗೆ ಬಿಡ್ತೇನಿ. ಆದ್ರ ನೀವು ಆ ಕಡೆ ಯಾಕ ಓಡಾಕತ್ತೀರಿ?" ಎಂದ. ಯಾರಿಗೂ ಏನೂ ಆಗಿಲ್ಲ ಎಂದು ಐದು ಜನಕ್ಕೆ ಹೇಳಿದೆ. ಐದನೆಯವನಿಗೆ ಹೇಳುವಾಗ ನನಗೇ ನಂಬಿಕೆ ಕಮ್ಮಿಯಾಗಿತ್ತು.

ಇಪ್ಪತ್ತೊಂದು ನಿಮಿಷ. ಎರಡು ಕಡೆ ನಿಂತೆ. ಈ "ಎರಡು ಕಡೆ" ಎಂಬುದನ್ನು ಹೊಡೆದುಹಾಕಬೇಕೆಂದಿದ್ದೆ, ಇರಲಿ.

ಗಿರಣಿಯ ತೂಕದ ಫಕ್ಕೀರಪ್ಪ ನನ್ನನ್ನು ಭತ್ತ ತೂಗುವ ಕಾಟಾದ ಮೇಲೆ ನಿಲ್ಲಿಸಿದ. "ಒಂದೂಕಾಲು ಚೀಲ ಅದೀರಿ, ಸಾಹೇಬ್ರ. ಹೊಟ್ಟು ಎಷ್ಟು, ಅಕ್ಕಿ ಎಷ್ಟು ಅಂತ ಹಾಕಿಸಿ ನೋಡಿದ ಮ್ಯಾಲ ಹೇಳಬೇಕು."

ಉಸಿರು ಮುಂದೆ, ಕಾಲು ಹಿಂದೆ, ಹೊಟ್ಟೆಯದೇ ಜೋರು;
ಓಡುವವನ ಬೆನ್ನ ಹಿಂದೆ ಓಡುವವರು ಯಾರು?

ಎರಡನೆಯ ಸಾಲು ಪ್ರಾಸಕ್ಕಾಗಿ ಬಂದದ್ದು. ಹಿಂದೆ ಯಾರೂ ಇರಲಿಲ್ಲ. ತಿರುಗಿ ನೋಡಿದ್ದೇನೆ.

೧೩ ಜನವರಿ

ಕಾಲು. ಕಾಲು. ಕಾಲು. ಬೇರೆ ಸುದ್ದಿ ಇಲ್ಲ.

೨೧ ಜನವರಿ, ಶುಕ್ರವಾರ

ಇವತ್ತು ತೊಂಬತ್ತು ಪುಟದ ಹಕ್ಕು ಪಡೆದು ಐದೂವರೆಗೇ ಪಡಸಾಲೆಯಲ್ಲಿ ಕುಳಿತೆ. ಪತ್ತೇದಾರಿ ಕಾದಂಬರಿ. ಕೊಲೆಗಾರ ಯಾರೆಂದು ಇನ್ನೇನು ಹೇಳುತ್ತಾನೆ ಎನ್ನುವಷ್ಟರಲ್ಲಿ ಅಡಿಗೆಮನೆಯಲ್ಲಿ ಬಳೆಯ ಸಪ್ಪಳವಾಯಿತು.

ಅಡಿಗೆಮನೆಯಲ್ಲಿ ಬಳೆ ತೊಡುವವರು ಯಾರೂ ಇಲ್ಲ. ಪಕ್ಕದ ಮನೆಯ ಚೌಡವ್ವ ಎರಡು ಹೊತ್ತಿನ ರೊಟ್ಟಿ ಬಡಿದುಕೊಡುತ್ತಾಳೆ, ಆದರೆ ತನ್ನ ಮನೆಯಲ್ಲೇ. ತಟ್ಟೆ ಮುಚ್ಚಿ ಗೋಡೆಯ ಮೇಲಿಟ್ಟು ಹೋಗುತ್ತಾಳೆ. ಇಲಿ ಇರಬೇಕು. ಬಳೆ ತೊಟ್ಟ ಇಲಿ.

ಸಪ್ಪಳಕ್ಕಿಂತ ಆಮೇಲಿನ ಮೌನ ಕೆಟ್ಟದ್ದು. ಯಾರೋ ಕರೆಯಲು ಬಾಯಿ ತೆರೆದು, ಕರೆಯದೆ ನಿಂತ ಹಾಗೆ.

ಪುಸ್ತಕ ಮುಚ್ಚಿದೆ. ನೋಡಿದರೆ ಹನ್ನೊಂದು ಪುಟ ಉಳಿದಿತ್ತು. ಇರಲಿ. ಕೊಲೆಗಾರ ಎಲ್ಲಿಗೆ ಹೋಗುತ್ತಾನೆ?

೨ ಫೆಬ್ರುವರಿ, ಬುಧವಾರ

ಎಂಬತ್ತೇಳು ಕಿಲೋ. ಹದಿನೇಳು ನಿಮಿಷ. ಪ್ಯಾಂಟಿಗೆ ಪಟ್ಟಿ ಬೇಕಾಗಿದೆ.

ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಶಾಕೀರಾ ಇವತ್ತು ನನ್ನನ್ನು ವಿಚಾರಣೆಗೆ ಒಳಪಡಿಸಿದಳು. ನಾನು ವಾಪಸು ಕೊಟ್ಟ ಐದು ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ಇಟ್ಟುಕೊಂಡಿದ್ದಳು. ಐದರಲ್ಲೂ ನಾನು ಗುರುತಿಗೆ ಇಟ್ಟಿದ್ದ ಬಸ್ ಟಿಕೀಟು ಅಲ್ಲೇ ಮರೆತುಹೋಗಿತ್ತು.

"ಸರ, ನಿಮಗ ಯಾವ ಪುಸ್ತಕದ ಕೊನೀನೂ ಸೇರಂಗಿಲ್ಲೇನ್ರಿ?"

"ಯಾಕವ್ವಾ?"

"ನೋಡ್ರಿ ಇಲ್ಲಿ. ಇದರಾಗ ಹನ್ನೊಂದು ಪಾನು ಬಾಕಿ. ಇದರಾಗೂ ಹನ್ನೊಂದು. ಇದರಾಗ ಹತ್ತು. ಮಂದಿ ಪುಸ್ತಕ ತಗೊಂಡು ಮೊದ್ಲ ಕೊನೀ ಪಾನಾ ನೋಡ್ತಾರ. ನಿಮ್ದು ಉಲ್ಟಾ ಐತಿ."

"ಡಾಕ್ಟರು ಹೊಟ್ಟಿ ತುಂಬ ಉಣಬ್ಯಾಡ್ರಿ, ಒಂದೆರಡು ತುತ್ತು ಬಾಕಿ ಇಡ್ರಿ ಅಂದಾರ. ಓದಿಗೂ ಅದನ್ನ ಹಚ್ಚೇನಿ."

ಅವಳು ನಕ್ಕಳು. ನಾನೂ ನಕ್ಕೆ. ಈ ಉತ್ತರ ಮೊದಲೇ ತಯಾರಿತ್ತು ಎಂಬುದನ್ನು ಬರುವಾಗ ಹಾದಿಯಲ್ಲಿ ಗಮನಿಸಿದೆ. ಐದೂ ಟಿಕೀಟುಗಳು ಹಿರೇಕೆರೂರಿನಿಂದ ಹಾನಗಲ್ಲಿಗೆ ಬಂದವು. ವರ್ಗವಾಗಿ ಬರುವಾಗ ಸಾಮಾನು ಸಾಗಿಸಲು ಐದು ಸಲ ಓಡಾಡಿದ್ದೆ.

೧೨ ಫೆಬ್ರುವರಿ, ಶನಿವಾರ

ಸವಣೂರಿನಿಂದ ಮಗಳು ಶೇಖವ್ವನ ಕಾಗದ. ಏಳು ತಿಂಗಳು ತುಂಬುತ್ತದೆ, ಇಪ್ಪತ್ತೇಳಕ್ಕೆ ಕುಬಸದ ಕಾರ್ಯ ಇಟ್ಟುಕೊಂಡಿದ್ದಾರೆ, ಬರಬೇಕು. ಮುಂದಿನ ಸಾಲು: "ಅಪ್ಪಾ, ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು. ಅವ್ವ ಇಲ್ಲ ಅಂತ ಇಲ್ಲೇ ಇರು ಅಂತಾರ. ನಾ ಒಲ್ಲೆ ಅಂದೇನಿ. ನೀ ಅದಿಯಲ್ಲ, ಸಾಕು. ಏಪ್ರಿಲ್‌ದಾಗ ಬರ್ತೇನಿ."

ನೀ ಅದಿಯಲ್ಲ, ಸಾಕು. ಈ ಸಾಲನ್ನು ನಾಲ್ಕು ಸಲ ಓದಿದೆ. ಇದಕ್ಕೆ ಎಷ್ಟು ಫರ್ಲಾಂಗು ಓಡಬೇಕೋ ಒಪ್ಪಂದದಲ್ಲಿ ಬರೆದಿಲ್ಲ.

ಚೌಡವ್ವನಿಗೆ ಹೇಳಿದೆ. ಅವಳಿಗೆ ನನಗಿಂತ ಹಿಗ್ಗು. "ಬರ್ಲಿ ಬಿಡ್ರಿ ಅಣ್ಣಾರ, ಗ್ವಾಡಿ ಈಚಿಗೆ ನಾ ಇಲ್ಲೇನು?" ಎಂದು, ಗೋಡೆಯ ಮೊಳೆಗೆ ತೂಗುಬಿಟ್ಟ ಬಟ್ಟೆಚೀಲ ಕಂಡು, "ಇದೊಂದು ಕೊಡ್ರಿ, ಸಂತಿಗೆ ಹೊಂಟೇನಿ, ನಂದು ಹರದೈತಿ" ಎಂದಳು.

"ಅದು ಬ್ಯಾಡ" ಎಂದೆ. ನಾನು ಇಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ.

"ಖಾಲಿ ಐತಲ್ರಿ?"

"ಖಾಲಿ ಇರೂದಕ್ಕ ಬ್ಯಾಡ."

ಅವಳು ನನ್ನ ಮುಖ ನೋಡಿ ಹೋದಳು.

೨೭ ಫೆಬ್ರುವರಿ, ಭಾನುವಾರ. ಸವಣೂರು

ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ, ಹನ್ನೊಂದಕ್ಕೆ ಮುಟ್ಟಿದೆ. ನನ್ನ ಕಂಡೊಡನೆ ಶೇಖವ್ವ, "ಅಪ್ಪಾ, ನೀ ಅರ್ಧ ಆಗೀಯಲ್ಲೋ!" ಎಂದು ಅತ್ತಳು, ಅವಳು ಒಂದೂವರೆಯಾಗಿದ್ದಳು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ. ನಾನು ಬಳೆಯನ್ನೇ ನೋಡುತ್ತಿದ್ದೆ.

ಹೆಂಗಸರು ಒಳಗೆ, ಗಂಡಸರು ಹೊರಗಿನ ಕಟ್ಟೆಯ ಮೇಲೆ ಸವಣೂರಿನ ಎಲೆ ಮಡಿಸುತ್ತ. ಉಡಿ ತುಂಬಿದ ಮೇಲೆ ಗಂಡನ ಹೆಸರು ಹೇಳು ಎಂದು ಶೇಖವ್ವನ ಹಿಂದೆ ಬಿದ್ದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೆ ಹಿಡಿಯುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದ ಕೊನೆಗೆ ಹೆಸರು ಕೂರಿಸುತ್ತಾಳೆ. ಶೇಖವ್ವ ಶುರು ಮಾಡಿದಳು:

"ಸವಣೂರ ಎಲಿ ಮೆದ್ರ ತುಟಿ ತುಂಬ ಕೆಂಪ,
ಸಿಟ್ಟು ಬಂದ್ರೂ ಚೆಂದ ನಮ್ಮ ಭರಮಪ್ಪ."

ಕೆಂಪಕ್ಕೂ ಭರಮಪ್ಪನಿಗೂ ಆಗಿದ್ದು ಅರ್ಧ ಪ್ರಾಸ ಮಾತ್ರ. ಅವಳವ್ವ ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು. ಹಾಗೆಂದು ನಾನು ಕಟ್ಟೆಯ ಮೇಲೆ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಾಗ ಒಳಗಿನಿಂದ ಶೇಖವ್ವ, "ನಂದೇನ್ ಕೇಳ್ತೀರಿ, ನಮ್ಮವ್ವಂದು ಕೇಳ್ರಿ" ಎಂದು ಹಾಲವ್ವನ ದನಿ ಮಾಡಿ ಹೇಳಿದಳು:

"ಬಿಸಿ ರೊಟ್ಟಿ, ಎಣಗಾಯಿ, ಮ್ಯಾಲೊಂದು ಮಿಳ್ಳಿ ತುಪ್ಪ,
ಪುಸ್ತಕ ಮಡಚಿ ಉಣ್ಣಾಕ ಬರ್ರಿ, ಕರಬಸಪ್ಪ!"

ಇಡೀ ಮನೆ ನಕ್ಕಿತು. ಕಟ್ಟೆಯ ಮೇಲಿನವರು ನನ್ನ ತೊಡೆ ತಟ್ಟಿದರು. ಅದು ಅವಳದೇ ದನಿ. ನಾನು ಎದ್ದು ನಿಂತುಬಿಟ್ಟಿದ್ದೆ. ಯಾಕೆಂದು ಕೇಳಿದರು. ಕಾಲು ಜೋಮು ಹಿಡಿದಿತ್ತೆಂದೆ.

ಹಾಲವ್ವ ಓದಿದ್ದು ನಾಲ್ಕನೆಯ ಇಯತ್ತೆ. ಮದುವೆಯಾದ ವರ್ಷ ನಾನೇ ಆಟಕ್ಕೆ ಒಂದು ಕಾಯಿದೆ ಮಾಡಿದ್ದೆ: ನಾನು ಓದುವಾಗ ಕರೆಯಬೇಕಾದರೆ ಒಡಪು ಕಟ್ಟಿ ಕರೆಯಬೇಕು, ಪ್ರಾಸ ಇಲ್ಲದ ಕರೆಗೆ ಓ ಎನ್ನುವುದಿಲ್ಲ. ಮೂರು ದಿನದಲ್ಲಿ ಸೋಲುತ್ತಾಳೆ ಎಂದುಕೊಂಡಿದ್ದೆ. ಇಪ್ಪತ್ಮೂರು ವರ್ಷ ಸೋಲಲಿಲ್ಲ. ತುಪ್ಪ ಮುಗಿದರೆ ದಪ್ಪ, ದಪ್ಪ ಮುಗಿದರೆ ಬೆಪ್ಪ. "ಹೊರಗ ನಿಂತಾರ ಮಂದಿ, ಒಳಗ ಕುಂತಾನ ಬೆಪ್ಪ, ಬಾಗಲ ತಗೀರಿ ಹೋಗಿ ಕರಬಸಪ್ಪ" ಎಂದು ನೆಂಟರ ಎದುರಿಗೇ ಕರೆದಿದ್ದಳು.

ಊಟವಾದ ಮೇಲೆ ಬೀಗಿತಿ ಉಡಚವ್ವ ಸೆರಗು ಸರಿಮಾಡಿಕೊಂಡು ಬಂದು ಕೂತು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಎಂಥಾ ಹೆಣಮಗಳು! ಆವತ್ತ ಬೀಗರು ಸಂತಿಗೆ ಹೋಗಿರದಿದ್ರ ಉಳೀತಿದ್ಲು. ಪಾಪ, ಕೈಯಾಗ ಖಾಲಿ ಸಂತಿಚೀಲ ಹಿಡಕೊಂಡ ದವಾಖಾನಿತನಕ ಓಡಿದ್ರಂತ ಇವರು. ಹಿರೇಕೆರೂರ ಮಂದಿ ಇನ್ನೂ ನೆನಸ್ತಾರ."

ಹೌದು. ಸಂತೆಗೆ ಹೋಗಿದ್ದೆ.

೧ ಮಾರ್ಚ್, ಮಂಗಳವಾರ. ಹಾನಗಲ್ಲು

ಬರೆದುಬಿಡುತ್ತೇನೆ. ಸಭೆಯಲ್ಲಿ ಯಾರೂ ಗಲಾಟೆ ಮಾಡಬಾರದು.

ಹಿರೇಕೆರೂರಿನ ನಮ್ಮ ಮನೆಯಿಂದ ದವಾಖಾನೆಗೆ ಒಂದು ಮೈಲು, ಒಂದು ಫರ್ಲಾಂಗು. ೧೯೮೧ರ ಆಗಸ್ಟ್ ಮೂವತ್ತೊಂದು, ಸೋಮವಾರ. ಮನೆಗೆ ಬಂದು ನೋಡಿದರೆ ಹಾಲವ್ವ ಒಲೆಯ ಮುಂದೆ ಎದೆ ಹಿಡಿದು ಬಿದ್ದಿದ್ದಳು. ಓಡಿದೆ. ನನ್ನ ತೊಂಬತ್ತನಾಲ್ಕು ಕಿಲೋ ಹೊತ್ತುಕೊಂಡು ಓಡಿದೆ. ಎರಡು ಕಡೆ ಉಸಿರು ಸಿಗದೆ ನಿಂತೆ: ಒಮ್ಮೆ ಶಾಲೆಯ ಕಂಪೌಂಡು ಹಿಡಿದು, ಒಮ್ಮೆ ದಾರಿಯ ಕಲ್ಲಿನ ಮೇಲೆ ಕುಳಿತು. ಇಪ್ಪತ್ತು ನಿಮಿಷವಾಯಿತು. ಜೀಪು ತಂದೆವು. ಡಾಕ್ಟರು ಕೈ ಮುಟ್ಟಿ ನೋಡಿ, "ಸ್ವಲ್ಪ ಮೊದಲ ಗೊತ್ತಾಗಿದ್ರ" ಎಂದು ಅರ್ಧಕ್ಕೆ ಬಿಟ್ಟರು.

ನನ್ನ ಹೊಟ್ಟೆ ಅವಳನ್ನು ಕೊಂದಿತು. ಅದಕ್ಕೇ ಇಳಿಸುತ್ತಿದ್ದೇನೆ. ಇನ್ನೊಮ್ಮೆ ಯಾರಾದರೂ ಈ ಮನೆಯಲ್ಲಿ ಬಿದ್ದರೆ ಒಂದು ಮೈಲು ಒಂದು ಫರ್ಲಾಂಗನ್ನು ನಿಲ್ಲದೆ ಓಡಬೇಕು. ಏಪ್ರಿಲ್‌ನಲ್ಲಿ ಶೇಖವ್ವ ಬರುತ್ತಾಳೆ.

ಇಷ್ಟು ಬರೆದ ಮೇಲೆ ಹಗುರಾಗಬೇಕಿತ್ತು. ಹಗುರಾಗಿದ್ದು ಮೈ ಮಾತ್ರ.

ಮುರಿದ ಬಳೆಯ ಚೂರು ಒಲೆಯ ಮುಂದೆ ಹರಡಿ…

ಎರಡನೆಯ ಸಾಲು ನಾಳೆ.

೨೦ ಮಾರ್ಚ್, ಭಾನುವಾರ

ಎಂಬತ್ತೊಂದು ಕಿಲೋ. ಹದಿಮೂರು ನಿಮಿಷ. ಎಲ್ಲೂ ನಿಲ್ಲಲಿಲ್ಲ. ಈಗ ಶಾರವ್ವ ಏನಾಯಿತೆಂದು ಕೇಳುವುದಿಲ್ಲ. ಗಡಿಗೆಯನ್ನು ಒಂದು ಬದಿಗೆ ಸರಿಸಿ ದಾರಿ ಬಿಡುತ್ತಾಳೆ.

ಡಾಕ್ಟರ್ ಸುಮನ್ ಒತ್ತಡ ನೋಡಿ, "ತೂಕ ಇಳದದ, ಇದು ಯಾಕ ಇಳದಿಲ್ಲ?" ಎಂದರು. ಓಡುವ ವಿಷಯ ಹೇಳಿದೆ. "ಓಡ್ರಿ ಅಂತ ನಾ ಯಾವಾಗ ಹೇಳಿದ್ದೆ? ನಡೀರಿ ಅಂದಿದ್ದೆ. ಯಾರು ಬೆನ್ನ ಹತ್ತ್ಯಾರ ನಿಮಗ? ನಿದ್ದಿ ಹತ್ತತದೇನು?"

"ಹತ್ತತೈತ್ರಿ."

ಅವರು ನಂಬಲಿಲ್ಲ. ಗುಳಿಗೆ ಬದಲಿಸಿದರು.

೧೧ ಏಪ್ರಿಲ್, ಸೋಮವಾರ

ಶೇಖವ್ವ ಬಂದಳು. ಅಳಿಯ ಭರಮಪ್ಪ ಒಂದು ಟ್ರಂಕು, ಒಂದು ಗಂಟು ಖಾರದ ಪುಡಿ, ಮೂವತ್ತೆರಡು ಸೂಚನೆ ಕೊಟ್ಟು ಸಂಜೆಯ ಬಸ್ಸಿಗೆ ಹೋದ. ಹೋಗುವಾಗ ನನ್ನ ಕೈ ಹಿಡಿದು, "ಮಾವಾರ, ನೀವು ಮನ್ಯಾಗ ಇರ್ತೀರಲ್ಲ?" ಎಂದ.

ಇರುತ್ತೇನೆ ಎಂದೆ. ಬೆಳಗ್ಗೆ ಆ ಹದಿಮೂರು ನಿಮಿಷ ಬಿಟ್ಟು. ಹೋಗಿ ಬರುವುದೆಂದರೆ ಇಪ್ಪತ್ತಾರು. ಕಾಟಾದ ಮೇಲೆ ಎರಡು. ಹುಷಾರಾಗಿ ಲೆಕ್ಕ ಹಾಕಿದ್ದೇನೆ.

ಮನೆಯಲ್ಲಿದ್ದ ಎರಡು ಪುಸ್ತಕವನ್ನೂ ಗ್ರಂಥಾಲಯಕ್ಕೆ ಕೊಟ್ಟುಬಂದೆ. ಶಾಕೀರಾ, "ಬದ್ಲಿ ಏನ್ ಕೊಡ್ಲಿ, ಸರ?" ಎಂದಳು. ಏನೂ ಬೇಡ ಎಂದೆ. ಇಪ್ಪತ್ತೈದು ವರ್ಷದಲ್ಲಿ ಬರಿಗೈಯಲ್ಲಿ ಗ್ರಂಥಾಲಯದಿಂದ ಹೊರಬಿದ್ದದ್ದು ಇದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

೧೯ ಏಪ್ರಿಲ್, ಮಂಗಳವಾರ

ಊಟ ಮಾಡುತ್ತಿದ್ದೆವು. ಶೇಖವ್ವ ನೀಡುತ್ತಿದ್ದಳು.

"ಓ" ಎಂದೆ.

"ಏನಪಾ?"

"ಕರದಿಯಲ್ಲ?"

"ನಾ ಎಲ್ಲಿ ಕರದೆ? ಇಲ್ಲೇ ಕುಂತೇನಿ, ನಿನ್ನ ಮುಂದ." ಆಮೇಲೆ ಮೆಲ್ಲಗೆ, "ಅಪ್ಪಾ, ನೀ ದಿನಾ ಹಿಂಗ ಅಂತಿ. ಬಚ್ಚಲದಾಗ ನೀರು ಬಿದ್ರೂ ಓ ಅಂತಿ. ನಿನ್ನೆ ಚೌಡವ್ವಕ್ಕ ಕೋಳಿ ಕರದ್ಲು, ನೀ ಓ ಅಂದಿ. ಅಕಿ ಇನ್ನೂ ನಗಾಕತ್ತಾಳ."

ನಾನೂ ನಕ್ಕೆ. ವಯಸ್ಸಾದ ಮೇಲೆ ಕಿವಿ ಸೂಕ್ಷ್ಮವಾಗುತ್ತದೆ ಎಂದೆ. ಅವಳು ನಗಲಿಲ್ಲ.

"ಅವ್ವ ಒಡಪು ಹಾಕಿ ಕರೀತಿದ್ಲು. ನಾ ಕರೀಲೇನು ಹಂಗ?"

"ಬ್ಯಾಡ. ನೀ ಬರೇ ಅಪ್ಪಾ ಅನ್ನು. ಒಮ್ಮೆ ಅನ್ನು, ಸಾಕು."

೨೮ ಏಪ್ರಿಲ್

ಎಪ್ಪತ್ತೇಳು. ಹನ್ನೊಂದು ನಿಮಿಷ. ಇನ್ನೂ ಇಳಿಯಬೇಕು. ಇನ್ನೂ.

೪ ಮೇ, ಬುಧವಾರ

ಡಾಕ್ಟರಮ್ಮ ಇನ್ನೂ ಎಂಟು ದಿನ ಎಂದಿದ್ದರು. ಅದಕ್ಕೇ ಹೋದೆ. ಹುಣಸೆಮರ ಮುಟ್ಟಿ, ಕಾಟಾ ಹತ್ತಿದೆ. "ಪೂರಾ ಒಂದು ಚೀಲ!" ಎಂದು ಫಕ್ಕೀರಪ್ಪ ಕೂಗಿದ. "ಹೊಟ್ಟೆಲ್ಲಾ ಹೋತು ಸಾಹೇಬ್ರ, ಇನ್ನ ಬರೇ ಅಕ್ಕಿ."

ತಿರುಗಿ ಅರ್ಧ ಫರ್ಲಾಂಗು ಬಂದಿರಲಿಲ್ಲ, ಎದುರಿಗೆ ಶಾರವ್ವ. ಗಡಿಗೆ ತಲೆಯ ಮೇಲೆ ಇರಲಿಲ್ಲ.

"ಸಾಹೇಬ್ರ, ಇವತ್ತ ಖರೇನ ಓಡ್ರಿ! ಮಗಳಿಗೆ ಬ್ಯಾನಿ ಸುರುವಾಗೇತಿ!"

ಓಡಿದೆ. ಎಂದೂ ಹಾಗೆ ಓಡಿಲ್ಲ. ನಾಲ್ಕು ತಿಂಗಳಿಂದ ನನ್ನ ಹಿಂದೆ ಬರುತ್ತಿದ್ದ ಕಾಲಿನ ಸಪ್ಪಳ ಇವತ್ತು ಪಕ್ಕಕ್ಕೆ ಬಂತು, ಜೊತೆಗೇ ಬಂತು, ಬಳೆಯ ಸದ್ದಿನೊಂದಿಗೆ. ನಾನು ತಿರುಗಿ ನೋಡಲಿಲ್ಲ. ಎಲ್ಲೂ ನಿಲ್ಲಲಿಲ್ಲ. ಹೊಸ್ತಿಲು ತುಳಿದು ಗಡಿಯಾರ ನೋಡಿದೆ.

ಮನೆಯಲ್ಲಿ ಎಲ್ಲ ಇದ್ದರು. ಡಾಕ್ಟರ್ ಸುಮನ್ ಒಳಗಿದ್ದರು. ಚೌಡವ್ವನ ಗಂಡ ನಡೆದೇ ಹೋಗಿ ಕರೆತಂದಿದ್ದ. ಎರಡೇ ಓಣಿ. ಹಾನಗಲ್ಲಿನಲ್ಲಿ ದವಾಖಾನೆ ಎರಡೇ ಓಣಿ ಎಂಬುದ‌ನ್ನು ನಾನೇ ಮೊದಲ ದಿನ ಈ ಪುಸ್ತಕದಲ್ಲಿ ಬರೆದಿದ್ದೇನೆ. ಒಂದು ಮೈಲು ಒಂದು ಫರ್ಲಾಂಗು ಇದ್ದದ್ದು ಹಿರೇಕೆರೂರಿನಲ್ಲಿ. ನಾನು ಯಾವ ದವಾಖಾನೆಗೆ ಓಡುತ್ತಿದ್ದೆ?

ಒಂಬತ್ತಕ್ಕೆ ಹೆಣ್ಣುಮಗು. ಇಬ್ಬರೂ ಸುಖ.

ಚೌಡವ್ವ ಬಿಸಿನೀರಿನ ಹಂಡೆ ಇಳಿಸಿ ಕಟ್ಟೆಗೆ ಬಂದು ಕುಳಿತಳು. ಕೈ ಮುಗಿದೆ. "ಅಕಿ ಹೆಂಗ ಕರದ್ಲು?" ಎಂದು ಕೇಳಿದೆ.

"ಹೆಂಗಂದ್ರ? ಅಪ್ಪಾ ಅಂದ್ಲು."

"ನೀ ಹೆಂಗ ಹೋದಿ?"

ಚೌಡವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ಇದೇನ್ ಕೇಳ್ತೀರಿ ಅಣ್ಣಾರ? ನಾ ಅಕಿ ಅಪ್ಪ ಅಲ್ಲ ಅಂತ ಸುಮ್ನ ಕುಂದರ್ತಾರೇನು? ಒಲಿ ಮ್ಯಾಲ ರೊಟ್ಟಿ ಇತ್ತು, ಅಲ್ಲೇ ಬಿಟ್ಟೆ. ಒಮ್ಮೆ ಕರದ್ಲು. ಓ ಅಂದೆ. ಹೋದೆ."

ಒಮ್ಮೆ ಕರದ್ಲು. ಓ ಅಂದೆ. ಹೋದೆ.

ಅವಳ ಮನೆಯಿಂದ ಸುಟ್ಟ ರೊಟ್ಟಿಯ ವಾಸನೆ ಇನ್ನೂ ಬರುತ್ತಿತ್ತು.

೬ ಮೇ, ಶುಕ್ರವಾರ

ಓಡಲಿಲ್ಲ. ನಿನ್ನೆಯೂ ಓಡಲಿಲ್ಲ.

ಮಗುವಿಗೆ ಹಾಲವ್ವ ಎಂದು ಹೆಸರಿಡುತ್ತಾಳಂತೆ. ಶೇಖವ್ವ ಮಲಗಿದಲ್ಲಿಂದಲೇ ಕೇಳಿದಳು: "ಅಪ್ಪಾ, ತೊಟ್ಟಲಕ್ಕ ಹಾಕುವಾಗ ಅನ್ನಾಕ ಒಂದು ಪದ ಕಟ್ಟಿಕೊಡು. ಅವ್ವನ ಹೆಸರು ಬರ್ಲಿ ಅದರಾಗ. ನೀ ಒಂದು ಕ್ಷಣದಾಗ ಕಟ್ಟಾವ."

ಮುಂಜಾನೆಯಿಂದ ಕುಳಿತಿದ್ದೇನೆ. ಸನ್ಮಾನ್ಯ ಅಧ್ಯಕ್ಷರೇ ಎಂದು ಬರೆದು ಹೊಡೆದುಹಾಕಿದೆ. ಅಲ್ಲಿ ಯಾರೂ ಇಲ್ಲ. ಎಂದೂ ಇರಲಿಲ್ಲ.

ನಾನು ಸಂತೆಗೆ ಹೋಗಿರಲಿಲ್ಲ.

ಪುಸ್ತಕ ಮರುದಿನ ವಾಪಸು ಕೊಡಬೇಕಿತ್ತು. ರಜೆ ಹಾಕಿ ಪಡಸಾಲೆಯಲ್ಲಿ ಓದುತ್ತಿದ್ದೆ. ಹನ್ನೊಂದು ಪುಟ ಉಳಿದಿತ್ತು. ಅಡಿಗೆಮನೆಯಲ್ಲಿ ಬಳೆಯ ಸಪ್ಪಳವಾಯಿತು. ಆಮೇಲೆ ಅವಳು ಕರೆದಳು. "ಕರಬಸಪ್ಪಾ." ಅಷ್ಟೇ. ರೊಟ್ಟಿ ಇಲ್ಲ, ತುಪ್ಪ ಇಲ್ಲ, ಬರೀ ಹೆಸರು. ಇಪ್ಪತ್ಮೂರು ವರ್ಷದಲ್ಲಿ ಅದೊಂದೇ ಸಲ. ನನಗೆ ನಗು ಬಂತು. ಪ್ರಾಸ ಸಿಗಲಿಲ್ಲ, ಇವತ್ತು ಸೋತಳು ಎಂದುಕೊಂಡೆ. ಕಾಯಿದೆಯಂತೆ ಓ ಎನ್ನಲಿಲ್ಲ. ಪ್ರಾಸಕ್ಕಾಗಿ ಕಾಯುತ್ತ ಓದಿದೆ.

ಎರಡನೆಯ ಸಲ ಕರೆದಾಗ ದನಿ ಸಣ್ಣದಾಗಿತ್ತು. ಆಗ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ನಾಲ್ಕು ಪುಟ ಇತ್ತು. ಆ ನಾಲ್ಕನ್ನೂ ಓದಿದೆ. ಆ ಕಥೆ ಹೇಗೆ ಮುಗಿಯಿತೆಂಬುದು ಇವತ್ತಿಗೂ ನೆನಪಿಲ್ಲ.

ಪುಸ್ತಕ ಮಡಚಿಟ್ಟು ಎದ್ದೆ. ಒಲೆಯ ಮುಂದೆ ಅವಳನ್ನು ನೋಡಿದೆ. ಓಡುವುದಕ್ಕೆ ಮೊದಲು, ಮೊಳೆಯಿಂದ ಸಂತೆಯ ಚೀಲ ತೆಗೆದುಕೊಂಡೆ.